ನೀವು ಓದಿ ಹೇಳಿದ ಕೊನೆಯ ಅಧ್ಯಾಯ

ಕೋಪರ್‌ಖೈರಾಣೆ
ಫೆಬ್ರವರಿ ೨೦೧೪

ಪ್ರಿಯ ಜಯಲತಾ ಅವರಿಗೆ, ಭಾಗೀರಥಿಯ ನಮಸ್ಕಾರಗಳು.

ನೀವು ನನ್ನನ್ನು ಒಂದೇ ಸಲ ನೋಡಿದ್ದೀರಿ, ಅದೂ ದೂರದಿಂದ. ಕಳೆದ ತಿಂಗಳು ಡೊಂಬಿವಲಿಯಲ್ಲಿ ಕನ್ನಡ ಸಂಘದ ಸಂಜೆ ಕಾಲೇಜಿನ ಲೇಖಕರ ದಿನದಂದು, ಶಾಲು ಹೊದ್ದು, ಕಣ್ಣಿನವರೆಗೆ ಇಳಿಯುತ್ತಿದ್ದ ಪೇಟ ಹಾಕಿಸಿಕೊಂಡು, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ವೇದಿಕೆಯ ಮೇಲೆ ಕುಳಿತಿದ್ದವಳು ನಾನು. ನೀವು ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಹಸಿರು ಸೀರೆಯಲ್ಲಿ ಕುಳಿತಿದ್ದಿರಿ. ಎದ್ದು ನಿಂತು ಎರಡು ಮಾತು ಹೇಳಿದಿರಿ, ಆಮೇಲೆ ತಿಂಡಿಗೂ ನಿಲ್ಲದೆ ಹೊರಟುಹೋದಿರಿ. ಆ ಎರಡು ಮಾತಿನ ವಿಷಯವಾಗಿಯೇ ಈ ಕಾಗದ. ಅಪರಿಚಿತಳೊಬ್ಬಳು ನಿಮ್ಮ ಮನೆಯ ವಿಷಯದಲ್ಲಿ ಮೂಗು ತೂರಿಸುತ್ತಿದ್ದಾಳೆ ಎಂದು ಸಿಟ್ಟು ಬಂದರೆ ತಪ್ಪಿಲ್ಲ. ಆದರೆ ನನ್ನ ಪುಸ್ತಕಕ್ಕೆ ಮೊದಲು ಕೈ ಹಾಕಿದವರು ನೀವು. ಹಾಗಾಗಿ ಲೆಕ್ಕ ಸಮವಾಯಿತು ಎಂದುಕೊಂಡು ಮುಂದೆ ಓದಿ.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಮೈಸೂರಿನವಳು. ಮಹಾಪೆಯ ಒಂದು ಕಂಪನಿಯಲ್ಲಿ ಕೆಲಸ. ಯಂತ್ರವನ್ನು ಹೇಗೆ ಶುರು ಮಾಡಬೇಕು, ಹೇಗೆ ನಿಲ್ಲಿಸಬೇಕು, ಎಲ್ಲಿ ಕೈ ಇಡಬಾರದು ಎಂದು ಇಂಗ್ಲಿಷಿನಲ್ಲಿ ಬರೆಯುವುದು ನನ್ನ ಹೊಟ್ಟೆಪಾಡು. ಕಾದಂಬರಿ ಬರೆದದ್ದು ಭಾನುವಾರಗಳಲ್ಲಿ, ಮನೆಯವರೆಲ್ಲ ಊಟ ಮಾಡಿ ಮಲಗಿದ ಮಧ್ಯಾಹ್ನಗಳಲ್ಲಿ. ಅದನ್ನು ಓದಿದವರು ಹೆಚ್ಚಿಲ್ಲ. ಆದ್ದರಿಂದ ಕಾಲೇಜಿನ ರಘುಪತಿ ಮೇಷ್ಟ್ರು ಫೋನ್ ಮಾಡಿ, "ಮೇಡಂ, ಈ ವರ್ಷ ನಮ್ಮ ಹುಡುಗ್ರು ನಿಮ್ಮ ಪುಸ್ತಕಾ ಓದಿಸ್ಕೋತಾರ್ರಿ" ಎಂದಾಗ ಹಿಗ್ಗಿ ಹೀರೇಕಾಯಿ ಆದೆ. ಓದುತ್ತಾರೆ ಎನ್ನದೆ ಓದಿಸಿಕೊಳ್ಳುತ್ತಾರೆ ಎಂದದ್ದು ಆಮೇಲೆ ತಲೆಗೆ ಹೋಯಿತು. ಕೇಳಿದೆ. ಅವರು ನಗುತ್ತಾ ವಿವರಿಸಿದರು. "ಇಲ್ಲೇ ಹುಟ್ಟಿದ ಮಕ್ಕಳ್ರಿ. ಕನ್ನಡ ತಿಳೀತದ, ಅಕ್ಷರ ಬರೂದಿಲ್ಲ. ಮನ್ಯಾಗ ಅವ್ವನೋ ಅಜ್ಜಿನೋ ಓದಿ ಹೇಳ್ತಾರ. ಇವರು ಕೇಳಿ, ತಮಗ ಬಂದ ಭಾಷಾದಾಗ ತಮ್ಮ ಅಭಿಪ್ರಾಯ ಬರೀತಾರ. ಹಿಂಗ ಒಂದು ಪುಸ್ತಕ ಹಚ್ಚಿದ್ರ ಎಷ್ಟೋ ಮನ್ಯಾಗ ಗಟ್ಟಿಯಾಗಿ ಕನ್ನಡ ಓದಿಧಂಗ ಆಗ್ತದ ನೋಡ್ರಿ."

ಈ ಪದ್ಧತಿ ನನಗೆ ಬಹಳ ಹಿಡಿಸಿತು. ಡೊಂಬಿವಲಿಯ ಯಾವುದೋ ಸೊಸೈಟಿಯ ಮೂರನೇ ಮಹಡಿಯಲ್ಲಿ, ದೀಪಾವಳಿ ರಜೆಯ ಮಧ್ಯಾಹ್ನ, ಒಬ್ಬ ತಾಯಿ ಕಾಲು ಚಾಚಿ ಕುಳಿತು ನಾನು ಬರೆದದ್ದನ್ನು ಓದುತ್ತಾಳೆ, ದಿನವಿಡೀ ದುಡಿದು ಸಂಜೆ ಕ್ಲಾಸಿಗೆ ಹೋಗುವ ಮಗಳು ಪಕ್ಕದಲ್ಲಿ ಮಲಗಿ ಕೇಳುತ್ತಾಳೆ. ಲೇಖಕಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು? ನಿಯಮಗಳನ್ನೂ ಒಪ್ಪಿಕೊಂಡೆ. ವಿದ್ಯಾರ್ಥಿಗಳು ಬರೆದದ್ದನ್ನು ಲೇಖಕರು ಮೊದಲೇ ನೋಡುವಂತಿಲ್ಲ. ಬಹುಮಾನ ಬಂದ ಮೂವರು ವೇದಿಕೆಯ ಮೇಲೆ ಓದುವಾಗಲೇ ಕೇಳಬೇಕು, ಎಲ್ಲರದೂ ಮುಗಿಯುವವರೆಗೆ ತುಟಿ ಬಿಚ್ಚಬಾರದು, ಆಮೇಲೆ ಉಪನ್ಯಾಸ. ಅಕ್ಷರ ಬರುವ ಒಬ್ಬಿಬ್ಬರು ಕನ್ನಡದಲ್ಲಿ ಬರೆದದ್ದನ್ನು ರಘುಪತಿ ಮೇಷ್ಟ್ರು ನೋಡುತ್ತಾರೆ, ಹಿಂದಿ ಮರಾಠಿಯಲ್ಲಿ ಬರೆದವರದ್ದನ್ನು ಅಲ್ಲಿಯ ಹಿಂದಿ ಮೇಡಂ ನೋಡುತ್ತಾರೆ. ಆ ಮೇಡಂಗೆ ಕನ್ನಡ ಬಾರದು, ನನ್ನ ಪುಸ್ತಕ ಓದಿದವರಲ್ಲ. ಬರಹ ಚೆನ್ನಾಗಿದೆಯೇ ಎಂದಷ್ಟೇ ಅವರು ನೋಡಬಲ್ಲರು. ಇದರಲ್ಲೊಂದು ದೊಡ್ಡ ತೂತು ಇದೆ ಎಂದು ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡಿದವರು ನೀವು.

ಅವತ್ತು ಭಾನುವಾರ. ಹಳಿ ರಿಪೇರಿಗೆಂದು ಟ್ರೇನುಗಳನ್ನು ನಿಲ್ಲಿಸುವ ಮೆಗಾಬ್ಲಾಕ್ ಇದೆ ಎನ್ನುವುದನ್ನು ಮರೆತು ಹೊರಟು, ಠಾಣೆಯಲ್ಲಿ ಅರ್ಧ ಊರಿನ ಜೊತೆ ನಿಂತು, ಡೊಂಬಿವಲಿಯಲ್ಲಿ ಇಳಿಯುವ ಹೊತ್ತಿಗೆ ನನ್ನ ಸೀರೆಯ ನೆರಿಗೆ ದೇವರಿಗೇ ಪ್ರೀತಿ ಎನ್ನುವಂತಿತ್ತು. ಸಭೆ ಶುರುವಾಯಿತು. ಮೊದಲ ಹುಡುಗ ಪುಸ್ತಕ ತುಂಬ ಚೆನ್ನಾಗಿದೆ, ಎಲ್ಲರೂ ಓದಬೇಕು ಎಂದ. ಎರಡನೆಯವಳು ಪುಸ್ತಕ ತುಂಬ ಚೆನ್ನಾಗಿದೆ, ಎಲ್ಲರೂ ಓದಿಸಿಕೊಳ್ಳಬೇಕು ಎಂದಳು. ಮೊದಲ ಬಹುಮಾನದವಳು ಕೊನೆಗೆ ಬಂದಳು. ಹೆಸರು ಅಶ್ಮಿತಾ, ನಿಮ್ಮ ಮಗಳು.

ಕಥೆ ನಿಮಗೆ ಗೊತ್ತು, ಆದರೂ ನನ್ನ ಬಾಯಲ್ಲಿ ಒಮ್ಮೆ ಕೇಳಿ. ನನ್ನ ರತ್ನಾವತಿ ಒಬ್ಬ ಹೋಟೆಲಿನವನ ಹೆಂಡತಿ. ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಅವಳು ಮನೆಯಲ್ಲಿದ್ದಾಳೆ ಎನ್ನುವುದನ್ನೇ ಮರೆತವನು. ಊಟದ ಹೊತ್ತಿಗೆ ಮಾತ್ರ ನೆನಪಾಗುತ್ತದೆ. ಅವಳು ಸಹಿಸುತ್ತಾಳೆ, ಜಗಳಾಡುತ್ತಾಳೆ, ಒಂದು ದಿನ ಪುಟ್ಟ ಮಗಳನ್ನು ಕರೆದುಕೊಂಡು ಹೊರಟುಬಿಡುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಅವಳು ನಿಮ್ಮ ಡೊಂಬಿವಲಿಯ ಪಕ್ಕದ ಕಲ್ಯಾಣದಲ್ಲಿ ಒಂದು ಕೋಣೆ ಹಿಡಿಯುತ್ತಾಳೆ. ಮಗಳಿಗೆ ಮೊಸರನ್ನ ಕಲಸುತ್ತಾಳೆ. ಕದ ಹಾಕಿಕೊಳ್ಳುತ್ತಾಳೆ. ಪುಸ್ತಕ ಮುಗಿಯುತ್ತದೆ.

ಅಶ್ಮಿತಾ ಮೊದಲು ರತ್ನಾವತಿಯ ಜಗಳಗಳ ಬಗ್ಗೆ ಓದಿದಳು. ಅವಳ ಹಿಂದಿಗೆ ಮಧ್ಯೆ ಮಧ್ಯೆ ಕನ್ನಡ ನುಗ್ಗುತ್ತಿತ್ತು. ಪಾತ್ರವನ್ನು ಪಕ್ಕದ ಮನೆಯವಳಂತೆ ಹಚ್ಚಿಕೊಂಡಿದ್ದಳು. ನನಗೆ ಒಳಗೊಳಗೇ ಖುಷಿ. ಆಮೇಲೆ ಅವಳ ಸ್ವರ ಬದಲಾಯಿತು. "ಲೇಕಿನ್ ವೋ ವಾಪಸ್ ಕ್ಯೂಂ ಆಯೀ?" ಎಂದಳು. ರತ್ನಾವತಿ ವಾಪಸು ಯಾಕೆ ಬಂದಳು ಎನ್ನುತ್ತಿದ್ದಾಳಲ್ಲ ಎಂದು ನನ್ನ ಕಿವಿ ನೆಟ್ಟಗಾಯಿತು. ಅವಳು ಹೇಳುತ್ತಾ ಹೋದಳು. ರತ್ನಾವತಿ ಕೆಲವು ತಿಂಗಳ ಮೇಲೆ ಗಂಡನ ಮನೆಗೆ ಮರಳುತ್ತಾಳಂತೆ. ಬಾಗಿಲು ತೆರೆದೇ ಇರುತ್ತದಂತೆ. ಒಳಗೆ ಬಂದವಳು ನೇರ ಅಡುಗೆಮನೆಗೆ ಹೋಗಿ, ಯಾರೋ ರುಬ್ಬಿಟ್ಟು ಮರೆತು, ಹುಳಿ ಬಂದು ಪಾತ್ರೆಯಿಂದ ಹೊರಚೆಲ್ಲಿದ್ದ ಇಡ್ಲಿ ಹಿಟ್ಟನ್ನು ಬಚ್ಚಲಿಗೆ ಸುರಿದು, ಪಾತ್ರೆ ತೊಳೆದು, ಮತ್ತೆ ಅಕ್ಕಿ ಉದ್ದು ನೆನೆಹಾಕುತ್ತಾಳಂತೆ. ಯಾಕೆ ಹೋದೆ ಎಂದು ಯಾರೂ ಕೇಳುವುದಿಲ್ಲ, ಯಾಕೆ ಬಂದೆ ಎಂದೂ ಯಾರೂ ಕೇಳುವುದಿಲ್ಲ. ಅಶ್ಮಿತಾಗೆ ಕೋಪ ಬಂದದ್ದು ಇದಕ್ಕೇ. ಇಡೀ ಪುಸ್ತಕದಲ್ಲಿ ಹೋಗುವವಳಾಗಿಯೇ ಇದ್ದವಳು ಕೊನೆಗೆ ಹೀಗೆ ಬಂದದ್ದು ಸುಳ್ಳು, ಬರೆದವರು ಹೆದರಿಬಿಟ್ಟಿದ್ದಾರೆ ಎಂದಳು. ತಾನಾಗಿದ್ದರೆ ಅವಳಿಗೊಂದು ಕೋಣೆ ಕೊಡಿಸಿ ಒಳಗಿನಿಂದ ಚಿಲಕ ಹಾಕಿಸುತ್ತಿದ್ದೆ ಎಂದಳು. ಮರಳಿ ಬಂದ ರತ್ನಾವತಿ ಹೇಡಿ ಎನ್ನುವುದೇ ಅವಳ ಕೊನೆಯ ವಾಕ್ಯ: "ವಾಪಸ್ ಆನೇವಾಲೀ ರತ್ನಾವತಿ ಡರ್‌ಪೋಕ್ ಹೈ."

ಮಕ್ಕಳು ಚಪ್ಪಾಳೆ ತಟ್ಟಿದರು. ನಿಯಮದಂತೆ ನಾನು ಬಾಯಿ ಬಿಡುವಂತಿರಲಿಲ್ಲ. ನಾನು ಬರೆದ ಕೊನೆಯನ್ನೇ ಈ ಹುಡುಗಿ ನನಗೆ ತಿದ್ದುಪಡಿಯಾಗಿ ಸೂಚಿಸುತ್ತಿದ್ದಾಳೆ!

ಅಷ್ಟರಲ್ಲಿ ರಘುಪತಿ ಮೇಷ್ಟ್ರು ಎದ್ದರು. ಅವರ ಮುಖ ಕೆಂಪಾಗಿತ್ತು. "ತಂಗೀ, ಪುಸ್ತಕದಾಗ ಹಂಗಿಲ್ಲಲ್ಲ. ನೀ ಪುಸ್ತಕಾ ಪೂರ್ತಿ ಕೇಳೀಯೋ ಇಲ್ಲೋ?" ಎಂದರು. ಕೇಳದೆ ಬರೆದವರಿಗೆ ಬಹುಮಾನ ಕೊಡುವಂತಿಲ್ಲ ಎನ್ನುವುದನ್ನೂ ಸೇರಿಸಿದರು, ಅದೂ ಮೈಕಿನಲ್ಲಿ. ಅಶ್ಮಿತಾ ಗಾಬರಿಯಾದಳು. "ಮಮ್ಮಿನೇ ಓದಿದ್ದು ಸರ್, ಪೂರಾ. ಪೂಛೋ ನಾ ಉನ್‌ಸೇ" ಎಂದು ನಿಮ್ಮ ಕಡೆ ಕೈ ತೋರಿಸಿದಳು. ಸಭೆಯ ಕತ್ತುಗಳೆಲ್ಲ ಹಿಂದಕ್ಕೆ ತಿರುಗಿದವು.

ಆಗ ನೀವು ಎದ್ದಿರಿ. ನಾನು ನಿಮ್ಮ ಜಾಗದಲ್ಲಿದ್ದಿದ್ದರೆ ಏಳುತ್ತಿದ್ದೆನೋ ಇಲ್ಲವೋ. ನಿದ್ದೆಗಣ್ಣಲ್ಲಿ ಪುಟ ಬಿಟ್ಟುಹೋಯಿತೇನೋ ಎಂದು ಮೆಲ್ಲಗೆ ನುಣುಚಿಕೊಳ್ಳಬಹುದಿತ್ತು. ಮಗಳೇ ಸರಿಯಾಗಿ ಕೇಳಲಿಲ್ಲ ಎಂದಿದ್ದರೂ ನಂಬುವವರಿದ್ದರು. ನೀವು ಸೆರಗು ಸರಿಮಾಡಿಕೊಂಡು, "ಓದಿದ್ದು ನಾನೇ ಸರ್. ಆ ಕೊನೇದು ಉಂಟಲ್ಲ, ಅದು ನಾನು ಬದಲು ಮಾಡಿ ಹೇಳಿದ್ದು. ಅವಳದ್ದು ಎಂತ ತಪ್ಪಿಲ್ಲ" ಎಂದಿರಿ. ಅಶ್ಮಿತಾ ಮೈಕಿನ ಮುಂದೆಯೇ ನಿಂತಿದ್ದಳು. "ಕ್ಯೂಂ, ಮಮ್ಮೀ?" ಎಂದು ಅವಳು ಮೆಲ್ಲಗೇ ಕೇಳಿದ್ದು, ಆದರೆ ಇಡೀ ಹಾಲಿಗೆ ಕೇಳಿಸಿತು. ನೀವು ಉತ್ತರ ಕೊಡದೆ ಕುಳಿತಿರಿ.

ತಯಾರಿ ಮಾಡಿಕೊಂಡು ಹೋಗಿದ್ದ ಉಪನ್ಯಾಸ ಅಲ್ಲಿಗೆ ಮುಗಿಯಿತು. ಮೈಕ್ ಕೈಗೆ ಬಂದ ತಕ್ಷಣ ನಾನು ಪೇಟ ತೆಗೆದು ಪಕ್ಕಕ್ಕಿಟ್ಟು, ಬಹುಮಾನ ಈ ಹುಡುಗಿಗೇ ಹೋಗಬೇಕು ಎಂದೆ. ಅವಳು ಕೇಳಿದ ಪುಸ್ತಕಕ್ಕೆ ಅವಳು ನ್ಯಾಯವಾಗಿಯೇ ಬರೆದಿದ್ದಾಳೆ, ಅವಳಷ್ಟು ಕಿವಿಗೊಟ್ಟು ಕೇಳಿದವರು ಈ ಹಾಲಿನಲ್ಲಿ ಇನ್ಯಾರೂ ಇಲ್ಲ, ಕೊಡದಿದ್ದರೆ ಶಾಲು, ಹಣ್ಣು ಎಲ್ಲ ಇಲ್ಲೇ ಬಿಟ್ಟು ಹೋಗುತ್ತೇನೆ ಎಂದೆ. ಸ್ವಲ್ಪ ಜಾಸ್ತಿಯೇ ಆಯಿತು. ರಘುಪತಿ ಮೇಷ್ಟ್ರು ಒಳ್ಳೆಯವರು, ಅವರೂ ಒಪ್ಪಿದರು. ಆದರೆ ಅವಳ ಕೈಗೆ ಬಹುಮಾನ ಕೊಟ್ಟು ನಿಮ್ಮತ್ತ ನೋಡಿದರೆ ನಿಮ್ಮ ಕುರ್ಚಿ ಖಾಲಿ.

ನಿಜ ಹೇಳುತ್ತೇನೆ, ಆ ದಿನ ಮನೆಗೆ ಬರುವಾಗ ನನಗೆ ನಿಮ್ಮ ಮೇಲೆ ಕೆಟ್ಟ ಕೋಪವಿತ್ತು. ಆ ಅಧ್ಯಾಯಕ್ಕೆ ನಾನು ಎಷ್ಟು ಭಾನುವಾರಗಳನ್ನು ಸುರಿದಿದ್ದೇನೆ ಎಂದು ನನಗೇ ಗೊತ್ತು. ರತ್ನಾವತಿಯನ್ನು ಆ ಮನೆಯಿಂದ ಹೊರಗೆ ತರುವುದೇ ಒಂದು ಕೆಲಸವಾಗಿತ್ತು. ಅಷ್ಟು ಕಷ್ಟಪಟ್ಟು ತಂದವಳನ್ನು ನೀವು ಒಂದು ಮಧ್ಯಾಹ್ನದಲ್ಲಿ ಕೈಹಿಡಿದು ವಾಪಸು ಕರೆದುಕೊಂಡು ಹೋಗಿಬಿಟ್ಟಿದ್ದಿರಿ. ಹೆಣ್ಣುಮಗಳು ಮನೆಬಿಟ್ಟು ಹೋಗಿ ಮರಳದ ಕಥೆ ಮಗಳ ಕಿವಿಗೆ ಬೀಳಬಾರದು ಎನ್ನುವ ಹಳೇ ಕಾಲದ ತಾಯಿ ಇರಬೇಕು ನೀವು ಎಂದು ತೀರ್ಮಾನಿಸಿಬಿಟ್ಟಿದ್ದೆ. ಆ ತೀರ್ಮಾನ ಮೊನ್ನೆಯವರೆಗೂ ಗಟ್ಟಿಯಾಗಿಯೇ ಇತ್ತು.

ಮೊನ್ನೆ ಅಶ್ಮಿತಾ ನನ್ನನ್ನು ಹುಡುಕಿಕೊಂಡು ಬಂದಳು. ಅವಳು ಡೇಟಾ ಎಂಟ್ರಿ ಕೆಲಸ ಮಾಡುವುದು ಮಹಾಪೆಯಲ್ಲೇ, ನಮ್ಮ ಗೇಟಿನಿಂದ ಎರಡು ಬಿಲ್ಡಿಂಗ್ ಆಚೆ ಎಂದು ನನಗೆ ಗೊತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ನಮ್ಮ ಕ್ಯಾಂಟೀನಿನಲ್ಲಿ ಕುಳಿತೆವು. ಡಬ್ಬಿ ತೆರೆದಳು, ತಿನ್ನಲಿಲ್ಲ. ನೀವು ಕಟ್ಟಿಕೊಟ್ಟ ನೀರುದೋಸೆಯನ್ನು ಮಾತಾಡುತ್ತಾ ನಾನೇ ಖಾಲಿ ಮಾಡಿದೆ, ಕ್ಷಮಿಸಿ.

ಆ ದಿನದಿಂದ ನೀವು ಆ ವಿಷಯ ಎತ್ತಿಲ್ಲವಂತೆ. ಟ್ರೇನ್ ಸಿಕ್ಕಿತಾ, ಊಟ ಮಾಡಿದಿಯಾ ಎಂದು ಎಂದಿನಂತೆ ಕೇಳುತ್ತೀರಂತೆ. ಆದರೆ ಭಾನುವಾರ ಮಧ್ಯಾಹ್ನ ಓದಿ ಹೇಳುವುದನ್ನು ನಿಲ್ಲಿಸಿದ್ದೀರಂತೆ. ಅವಳು ನಿಮ್ಮನ್ನು ಕೇಳಲು ಹೆದರಿ ಮಂಗಳೂರಿನ ಚಿಕ್ಕಮ್ಮನಿಗೆ ಫೋನ್ ಮಾಡಿದಳಂತೆ. ಅಶ್ಮಿತಾ ಬಾಲವಾಡಿಗೆ ಹೋಗುವ ಮಗುವಾಗಿದ್ದಾಗ ನೀವು ಅವಳನ್ನು ಎತ್ತಿಕೊಂಡು ಡೊಂಬಿವಲಿ ಬಿಟ್ಟು ತವರಿಗೆ ಹೋಗಿದ್ದು, ಮಳೆಗಾಲ ಪೂರ್ತಿ ಅಲ್ಲೇ ಇದ್ದದ್ದು, ಆಮೇಲೊಂದು ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಮರಳಿದ್ದು, ಎಲ್ಲವನ್ನೂ ಚಿಕ್ಕಮ್ಮ ಹೇಳಿದರಂತೆ. ಅಶ್ಮಿತಾಗೆ ಅದರ ನೆನಪು ಅಷ್ಟಾಗಿ ಇಲ್ಲ. ಅಲ್ಲೊಂದು ಕರು ಇತ್ತು ಎಂದಷ್ಟೇ ಗೊತ್ತು. ರಜೆಗೆ ಹೋಗಿದ್ದೆವು ಎಂದು ತಿಳಿದುಕೊಂಡಿದ್ದಳು.

"ಮೈನೇ ಮಮ್ಮೀಕೋ ಡರ್‌ಪೋಕ್ ಬೋಲಾ, ಆಂಟೀ. ಸಬ್ಕೇ ಸಾಮ್ನೇ, ಮೈಕ್ ಪೇ" ಎಂದಳು. ಎಲ್ಲರ ಮುಂದೆ ಅಮ್ಮನನ್ನೇ ಹೇಡಿ ಎಂದುಬಿಟ್ಟೆನಲ್ಲ ಎಂದು ಕ್ಯಾಂಟೀನಿನಲ್ಲೇ ಅತ್ತಳು. ನನ್ನ ಆಫೀಸಿನವರು ನಾನು ಏನೋ ಬೈದಿದ್ದೇನೆ ಎಂದುಕೊಂಡು ನನ್ನನ್ನು ದುರುಗುಟ್ಟಿ ನೋಡಿದರು.

ಅವಳು ಬಂದದ್ದು ಒಂದು ಕೆಲಸಕ್ಕಾಗಿ. ಬಹುಮಾನ ಬಂದ ಬರಹಗಳು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗುತ್ತವೆ. ಈ ತಿಂಗಳ ಕೊನೆಗೆ ಅದು ಪ್ರೆಸ್ಸಿಗೆ ಹೋಗುತ್ತದೆ. ಆ ಕೊನೆಯ ವಾಕ್ಯವನ್ನು ತೆಗೆಸಿಬಿಡಿ, ನೀವು ಹೇಳಿದರೆ ಸರ್ ಕೇಳುತ್ತಾರೆ ಎಂದು ಬೇಡಿಕೊಂಡಳು. ನಾನು ಆಗುವುದಿಲ್ಲ ಎಂದೆ. ಅವಳು ಹೆದರದೆ ಬರೆದ ಒಂದು ಮಾತನ್ನು ನಾನು ಹೊಡೆದುಹಾಕಿದರೆ, ನಾಳೆ ಅವಳು ಬರೆಯುವ ಮೊದಲೇ ಹೆದರಲು ಕಲಿಯುತ್ತಾಳೆ. ಆದರೆ ಆ ಮಾತು ಚುಚ್ಚಿದ್ದು ನನ್ನನ್ನಲ್ಲ, ನಿಮ್ಮನ್ನು. ತೆಗೆ ಅಥವಾ ಇರಲಿ ಎನ್ನುವ ಹಕ್ಕು ನಿಮ್ಮದು. ನಿಮ್ಮಮ್ಮನನ್ನು ಕೇಳು ಎಂದೆ. ಕೇಳಲಾರೆ ಎಂದಳು. ಆಗ ಈ ಕಾಗದ ಬರೆಯುವುದಾಗಿ ಒಪ್ಪಿಕೊಂಡೆ.

ಈಗ ನನ್ನ ನಿಮ್ಮ ಜಗಳಕ್ಕೆ ಬರೋಣ. ರತ್ನಾವತಿ ಹೋದದ್ದೇ ಸರಿ. ನಾನು ಆ ಕೊನೆಯನ್ನು ಬದಲಿಸುವುದಿಲ್ಲ, ಯಾರು ಅತ್ತರೂ ಬದಲಿಸುವುದಿಲ್ಲ. ಆದರೆ ನೀವು ಕಟ್ಟಿದ ಕೊನೆ ನನ್ನ ತಲೆಯಿಂದ ಹೋಗುತ್ತಿಲ್ಲ. ಆ ಹುಳಿ ಬಂದ ಹಿಟ್ಟು ನನ್ನದಲ್ಲ. ತಿಂಗಳುಗಟ್ಟಲೆ ಬಿಟ್ಟ ಮನೆಗೆ ಕಾಲಿಟ್ಟವಳು ಮೊದಲು ಹಿಟ್ಟಿನ ಪಾತ್ರೆಗೆ ಕೈ ಹಾಕುತ್ತಾಳೆ ಎನ್ನುವುದು ನನಗೆ ಹೊಳೆಯುವ ಮಾತೇ ಅಲ್ಲ. ಯಾಕೆ ಹೋದೆ ಎಂದು ಕೇಳದವರು ಯಾಕೆ ಬಂದೆ ಎಂದೂ ಕೇಳಲಿಲ್ಲ ಎನ್ನುವ ಮಾತಂತೂ ನಾನು ಬರೆದದ್ದಾಗಿರಬಾರದಿತ್ತೇ ಎಂದು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಪುಸ್ತಕ ಕೈಯಲ್ಲಿ ಹಿಡಿದು, ಅಚ್ಚಾದ ಸಾಲುಗಳ ಮೇಲೆ ಕಣ್ಣಾಡಿಸುತ್ತಾ, ಅಲ್ಲಿಲ್ಲದ್ದನ್ನು ತಡವರಿಸದೆ ಅಷ್ಟು ಹೊತ್ತು ಓದಿದಿರಲ್ಲ! ಮಗಳಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಹಾಗೆ ಓದಬೇಕಾದರೆ ಅದು ನಿಮ್ಮ ಮನಸ್ಸಿನಲ್ಲಿ ಎಷ್ಟೋ ವರ್ಷಗಳಿಂದ ಸಿದ್ಧವಾಗಿದ್ದಿರಬೇಕು.

ನನಗೆ ತೋರುವುದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ನೀವು ನನ್ನ ಪುಟ ನೋಡಿದಿರಿ. ತಾಯಿ ಮಗಳು ಇಬ್ಬರೇ ಕೋಣೆಯಲ್ಲಿ ಕದ ಹಾಕಿಕೊಂಡು ಮೊಸರನ್ನ ಉಣ್ಣುತ್ತಿದ್ದಾರೆ. ಪಕ್ಕದಲ್ಲಿ ನಿಮ್ಮ ಮಗಳು ಮಲಗಿದ್ದಾಳೆ. ಇದನ್ನು ಓದಿದರೆ ಅವಳು ರತ್ನಾವತಿಯನ್ನು ಮೆಚ್ಚುತ್ತಾಳೆ, ಮುಂದೆ ಎಂದಾದರೂ ಹಳೆಯ ವಿಷಯ ತಿಳಿದರೆ ನಿಮ್ಮನ್ನು ಅವಳ ಪಕ್ಕ ನಿಲ್ಲಿಸಿ ಅಳೆಯುತ್ತಾಳೆ ಎಂದು ಹೆದರಿದಿರಿ. ಹಾಗಾಗಿ ರತ್ನಾವತಿಯನ್ನೂ ನಿಮ್ಮ ದಾರಿಯಲ್ಲೇ ಕರೆತಂದಿರಿ, ಮರಳಿದವಳನ್ನು ಮಗಳು ಒಮ್ಮೆ ಪ್ರೀತಿಯಿಂದ ನೋಡಲಿ ಎಂದು ಆಸೆಪಟ್ಟಿರಿ. ಅವಳು ಪ್ರೀತಿಯಿಂದ ನೋಡಲಿಲ್ಲ, ಬಹುಮಾನ ಬರುವಷ್ಟು ಚೆನ್ನಾಗಿ ಬೈದಳು. ಆ ಹಾಲಿನಲ್ಲಿ ಕುಳಿತು ನೀವು ಅದನ್ನೆಲ್ಲ ಕೇಳಿಸಿಕೊಂಡಿರಿ. ಅಂಥ ಹೊತ್ತಿನಲ್ಲೂ ಮಗಳ ಮೇಲೆ ಅಪವಾದ ಬರಬಾರದೆಂದು ಎದ್ದು ನಿಂತಿರಲ್ಲ, ನಿಮ್ಮ ಬಗ್ಗೆ ನನಗೆ ಬಹಳ ಗೌರವವಿದೆ. ಹೇಡಿಯಾದವಳು ಹಾಗೆ ಏಳುವುದಿಲ್ಲ. ಇದನ್ನು ಅಶ್ಮಿತಾಗೂ ಹೇಳಿದ್ದೇನೆ.

ಆದರೆ ನೀವು ಯಾಕೆ ಮರಳಿದಿರಿ ಎನ್ನುವುದು ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಗಂಡನ ಮೇಲಿನ ಮಮತೆಯೋ, ತವರಿನವರ ಮಾತೋ, ಮಗಳ ಶಾಲೆಯೋ, ಸುಮ್ಮನೆ ಸಾಕಾಗಿಯೋ. ನಿಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ, ಆದ್ದರಿಂದ ನೀವು ಯಾರಿಗೂ ಹೇಳಲಿಲ್ಲ. ಈಗ ಕೇಳುವವಳು ಒಬ್ಬಳು ಹುಟ್ಟಿದ್ದಾಳೆ. ಮೈಕಿನ ಮುಂದೆ ನಿಂತು ಕೇಳಿಯೂ ಆಯಿತು. ಅವಳಿಗೆ ನೀವು ಉತ್ತರ ಕೊಡಬೇಕು ಜಯಲತಾ ಅವರೇ.

ರಘುಪತಿ ಮೇಷ್ಟ್ರ ಹತ್ತಿರ ಮಾತಾಡಿದ್ದೇನೆ. ವಾರ್ಷಿಕ ಸಂಚಿಕೆಯಲ್ಲಿ ಅಶ್ಮಿತಾಳ ಬರಹದ ಎದುರಿನ ಪುಟವನ್ನು ಖಾಲಿ ಬಿಡುತ್ತಾರೆ. ಅದು ಸಾಮಾನ್ಯವಾಗಿ ಲೇಖಕರ ಸಂದೇಶಕ್ಕೆ ಮೀಸಲಾದ ಪುಟ. ನನ್ನ ಸಂದೇಶ ಯಾರಿಗೂ ಬೇಕಿಲ್ಲ. ನೀವು ಹೇಳಿದ ಆ ಕೊನೆಯ ಅಧ್ಯಾಯವನ್ನು ಅಲ್ಲಿ ಬರೆಯಿರಿ. ಪೂರ್ತಿ ಬೇಕು, ನೆನೆಹಾಕಿದ ಅಕ್ಕಿ ಮರುದಿನ ಏನಾಯಿತು ಎನ್ನುವವರೆಗೆ. ನಾನು ಅದನ್ನು ಕೇಳಿದ್ದು ನಿಮ್ಮ ಮಗಳ ಕೋಪದ ಮೂಲಕ ಮಾತ್ರ. ಬರೆಯುವ ಮನಸ್ಸಿಲ್ಲದಿದ್ದರೆ, ಆ ವಾಕ್ಯ ತೆಗೆಯಿರಿ ಎಂದು ಒಂದು ಮಾತು ಹೇಳಿಕಳಿಸಿ, ತೆಗೆಸುತ್ತೇನೆ. ಎರಡರಲ್ಲಿ ಒಂದನ್ನು ನೀವೇ ಆರಿಸಿಕೊಳ್ಳಬೇಕು.

ಈ ಕಾಗದವನ್ನು ಅಶ್ಮಿತಾಳ ಕೈಯಲ್ಲೇ ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ. ಅಂಟಿಸಿ ಪ್ರಯೋಜನವೂ ಇಲ್ಲ, ಅವಳಿಗೆ ಅಕ್ಷರ ಬರುವುದಿಲ್ಲ. ಆಂಟೀ ಏನು ಬರೆದಿದ್ದಾರೆ, ಓದಿ ಹೇಳು ಎಂದು ಅವಳು ನಿಮ್ಮ ಪಕ್ಕದಲ್ಲಿ ಬಂದು ಕೂರುತ್ತಾಳೆ, ಬಹುಶಃ ಈಗಾಗಲೇ ಕೂತಿದ್ದಾಳೆ. ನೀವು ಏನು ಓದುತ್ತಿದ್ದೀರಿ ಎಂದು ನೋಡಲು ನಾನಂತೂ ಅಲ್ಲಿರುವುದಿಲ್ಲ. ನನ್ನ ಮಾತುಗಳನ್ನು ಎಲ್ಲಿ ಬೇಕಾದರೂ ಬಿಡಿ, ಹೇಗೆ ಬೇಕಾದರೂ ಬದಲಿಸಿ, ನನಗೆ ಬೇಸರವಿಲ್ಲ. ಆಮೇಲೆ ಕಾಗದ ಕೆಳಗಿಟ್ಟು, ನಿಮ್ಮದನ್ನು ಮಾತ್ರ ಇದ್ದ ಹಾಗೆ ಹೇಳಿ.

ತಾಯಿ ಮಗಳು ಇಬ್ಬರಿಗೂ ಒಳ್ಳೆಯದಾಗಲಿ.

ನಿಮ್ಮ ಬರಹಕ್ಕಾಗಿ ಕಾಯುತ್ತಿರುವ,
ಭಾಗೀರಥಿ